ಮಟ್ಟಿಗೆ ಬರೆದ ಪದ, ಟ್ಯೂನಿಗೆ ಬರೆದ ಹಾಡು

ಚೆನ್ನೈಗೆ ಬಂದು 14 ವರ್ಷವಾಯಿತು. ನಮ್ಮ ಬೀದಿಯ ತುದಿಯಲ್ಲೊಂದು ಟೀ ಅಂಗಡಿ ಇದೆ. ಬೆಳಿಗ್ಗೆಯಿಂದ ರಾತ್ರಿವರೆಗೂ ಅಲ್ಲಿ ಇಳಯರಾಜಾ. ಸುಮ್ನೆ ಹಾಡು ಹಾಕಿಟ್ಟಿದ್ದರೆ ಅದರಲ್ಲೇನೂ ವಿಶೇಷವಿರಲಿಲ್ಲ. ಟೀ ಎತ್ತಿ ಹೊಯ್ಯುತ್ತಲೇ ಮಾಸ್ಟರ್ "ಈ ಬೇಸ್ ಗಿಟಾರ್ ಕೇಳಿ ಸಾರ್" ಅನ್ನುತ್ತಾರೆ. ಆಟೋದವರು "ಅದು ಬಿಡು, ಪಲ್ಲವಿ ಮುಗಿದ ಮೇಲೆ ಬರೋ ಪಿಟೀಲು ಕೇಳಿ" ಅಂತ ಜಗಳಕ್ಕೆ ಬರುತ್ತಾರೆ. 1976ರ ಮೊದಲ ಸಿನಿಮಾದಿಂದ ಹಿಡಿದು 2025ರಲ್ಲಿ ಲಂಡನ್ನಿನಲ್ಲಿ ನುಡಿಸಿದ ಸಿಂಫನಿವರೆಗೆ ಎಲ್ಲದರ ಬಗ್ಗೆಯೂ ಅವರಿಗೆ ಮಾತಿದೆ. ಸಿನಿಮಾ ಹಾಡು ಕಲೆಯೋ ಅಲ್ಲವೋ ಅನ್ನುವ ಪ್ರಶ್ನೆ ಮಾತ್ರ ಆ ಅಂಗಡಿಯಲ್ಲಿ ಒಮ್ಮೆಯೂ ಎದ್ದಿಲ್ಲ.

ಶಿರಸಿಯಲ್ಲಿ ಏಳುತ್ತದೆ. ಕಳೆದ ಡಿಸೆಂಬರ್‌ನಲ್ಲಿ ಊರಿಗೆ ಹೋಗಿದ್ದೆ. ಅಡಿಕೆ ಕೊಯ್ಲಿನ ಸಮಯ. ರಾತ್ರಿ ಊಟವಾದ ಮೇಲೆ ಎಲ್ಲರೂ ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲಿಯಲು ಕೂತಿದ್ದೆವು. ನಾನು ಮೊಬೈಲಿನಲ್ಲಿ 'ಮುಂಗಾರು ಮಳೆ'ಯ ಹಾಡು ಹಾಕಿದೆ.

"ಎಂತ ಹಾಡಾ ತಮಾ ಅದು?" ಅಂದರು ದೊಡ್ಡಪ್ಪ.

"ಗೋಕರ್ಣದವ್ರೇ ಬರದ್ದು ದೊಡ್ಡಪ್ಪ, ಕಾಯ್ಕಿಣಿ."

"ಟ್ಯೂನ್ ಮೊದ್ಲು, ಶಬ್ದ ಆಮೇಲೆ ಅಲ್ದ? ಅಂಗಿ ಹೊಲ್ಸಿ ಮೈ ಹುಡುಕಿದಾಂಗೆ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಮಾತು ಚೆನ್ನಾಗಿತ್ತು. ಆದರೆ ಜಯಂತ ಕಾಯ್ಕಿಣಿ 19ನೇ ವಯಸ್ಸಿಗೇ ಕವನ ಸಂಕಲನಕ್ಕೆ ರಾಜ್ಯ ಸಾಹಿತ್ಯ ಅಕಾಡೆಮಿ ಬಹುಮಾನ ತೆಗೆದುಕೊಂಡವರು. ಅವರೇ ಟ್ಯೂನಿಗೆ ಬರೆದರೆ ಅದು ಕವಿತೆಯಲ್ಲ, ಬರೀ ಶಬ್ದ ತುಂಬಿದ್ದು ಅಂದರೆ ಹೇಗೆ?

ಅದಕ್ಕಿಂತ ಜಾಸ್ತಿ ಕಾಡಿದ್ದು ಇನ್ನೊಂದು. ದೊಡ್ಡಪ್ಪನ ತಲೆಯಲ್ಲಿ ಯಕ್ಷಗಾನದ ನೂರಾರು ಪದಗಳಿವೆ, ಅಂದರೆ ಹಾಡುಗಳು. ಆ ಪದಗಳನ್ನು ಬರೆದದ್ದು ಹೇಗೆ? ಮಟ್ಟು, ಅಂದರೆ ಮೊದಲೇ ಇರುವ ಧಾಟಿ ಹಿಡಿದುಕೊಂಡು. ಪ್ರಸಂಗದ, ಅಂದರೆ ಆಟದ ಕಥೆಯ ಪುಸ್ತಕ ತೆರೆದರೆ ಪದದ ನೆತ್ತಿಯ ಮೇಲೇ ರಾಗ, ತಾಳ ಅಚ್ಚಾಗಿರುತ್ತದೆ. ಹಳೆಯ ಮಟ್ಟಿಗೇ ಹೊಸ ಪ್ರಸಂಗದ ಕವಿ ಮಾತು ಕೂರಿಸುತ್ತಾನೆ. ಭೀಮ ಸಿಟ್ಟಾದ ಮಟ್ಟಿನಲ್ಲೇ ಇನ್ನೊಂದು ಪ್ರಸಂಗದ ರಕ್ಕಸನೂ ಸಿಟ್ಟಾಗಬಹುದು. ಅಂಗಿ ಮೊದಲು, ಮೈ ಆಮೇಲೆ!

ಇದನ್ನು ಹೇಳಿದೆ. ದೊಡ್ಡಪ್ಪ ಕೈಯಲ್ಲಿದ್ದ ಅಡಿಕೆ ಸುಲಿದು ಬುಟ್ಟಿಗೆ ಹಾಕಿ, "ಅದು ಬೇರೆ" ಅಂದರು. ಯಾಕೆ ಬೇರೆ ಅಂತ ಹೇಳಲಿಲ್ಲ.

ಜನ ಮುಗಿಬಿದ್ದು ಕೇಳುವುದೇ ಅಗ್ಗದ ಗುರುತು ಅನ್ನೋಣವೇ? ಯಕ್ಷಗಾನದ ಪದ ಹಾಡುವ ಭಾಗವತರಾಗಿದ್ದ ಕಾಳಿಂಗ ನಾವಡರು ತೀರಿಕೊಂಡದ್ದು 1990ರಲ್ಲಿ. ಅವರ ಪದಗಳ ಕ್ಯಾಸೆಟ್ಟುಗಳನ್ನು ದೊಡ್ಡಪ್ಪ ಇನ್ನೂ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾರೆ. ಅಷ್ಟು ಜನ ಹುಚ್ಚು ಹಿಡಿದಂತೆ ಕೇಳಿದ ದನಿ ಅದು. ಕ್ಯಾಸೆಟ್ಟಿನಲ್ಲಿ ಮಾರಾಟವಾಯಿತು ಅಂತ ಅದನ್ನು ಅವರು ಯಾವತ್ತೂ ಕೀಳು ಅಂದಿಲ್ಲ.

ಸಿನಿಮಾ ಹಾಡಿನ ಮೇಲಿನ ಈ ಮುನಿಸು ಹಳೆಯದು. 1952ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದ ಬಿ.ವಿ. ಕೇಸ್ಕರ್ ಆಕಾಶವಾಣಿಯಲ್ಲಿ ಸಿನಿಮಾ ಹಾಡಿಗೆ ಕತ್ತರಿ ಹಾಕಿದರು. ಜನ ಸಿನಿಮಾ ಹಾಡು ಹಾಕುತ್ತಿದ್ದ ರೇಡಿಯೋ ಸಿಲೋನ್‌ಗೆ ಹೋದರು. ಕೊನೆಗೆ 1957ರಲ್ಲಿ ಸರ್ಕಾರವೇ ವಿವಿಧ ಭಾರತಿ ಶುರು ಮಾಡಿತು. ಅಂದಹಾಗೆ, ಆಯಿ ರೇಡಿಯೋದಲ್ಲಿ ಕೇಳಿ ಬಾಯಿಪಾಠ ಮಾಡಿದ ಹಳೆಯ ಕನ್ನಡ ಹಾಡುಗಳು ಬಹುಪಾಲು ರೆಕಾರ್ಡ್ ಆದದ್ದು ನಾನೀಗ ಇರುವ ಈ ಮದ್ರಾಸಿನಲ್ಲೇ.

ಹಾಗಂತ ಚೆನ್ನೈಯವರದ್ದೇ ಸರಿ ಅಂತಲೂ ಅಲ್ಲ. ಒಮ್ಮೆ ಅದೇ ಟೀ ಅಂಗಡಿಯಲ್ಲಿ, ರಾಜಾ ಅವರ ಒಂದು ಹಾಡು ಸಪ್ಪೆ ಅಂದುಬಿಟ್ಟೆ. ಮಾಸ್ಟರ್ ಎರಡು ದಿನ ಮಾತಾಡಲಿಲ್ಲ. ಅಲ್ಲಿ ಕೇಳುವ ಕಿವಿ ಇದೆ, ಆದರೆ ದೇವರ ಮುಂದೆ ಕೈಮುಗಿದು ಕೇಳುವ ಕಿವಿ. ನಮ್ಮೂರಿನವರು ಹಾಗಲ್ಲ. ಎಷ್ಟು ದೊಡ್ಡ ಭಾಗವತರಾದರೂ ಬೆಳಗಿನ ಜಾವ ವೇಷ ಕಟ್ಟುವ ಚೌಕಿಗೇ ಹೋಗಿ "ಇವತ್ತು ಸ್ವರ ಏಳಲಿಲ್ಲ" ಅಂತ ಮುಖಕ್ಕೆ ಹೇಳಿ ಬರುತ್ತಾರೆ. ಚಂಡೆ ಜಾಸ್ತಿಯಾಗಿ ಪದ ಮುಳುಗಿತು ಅನ್ನುತ್ತಾರೆ. ಇಷ್ಟು ಚುರುಕು ಕಿವಿ ಇಟ್ಟುಕೊಂಡು ಸಿನಿಮಾ ಹಾಡು ಬಂದ ಕೂಡಲೇ ಅದನ್ನು ಮುಚ್ಚಿಬಿಡುವುದು ನನಗೆ ಅರ್ಥವಾಗದ ಸಂಗತಿ. ಕೇಳಿ, ಆಮೇಲೆ ಬೈಯಿರಿ. ಬೈಯುವಂಥವು ಬೇಕಾದಷ್ಟಿವೆ; ಈಗಿನ ಎಷ್ಟೋ ಹಾಡುಗಳು ರೀಲ್ಸಿಗೆ ಸಾಕಾಗುವಷ್ಟೇ ಇರುತ್ತವೆ. ಆದರೆ ಅದನ್ನೂ ಕೇಳಿಯೇ ಹೇಳಬೇಕು, ಅಲ್ವಾ?

ಆ ರಾತ್ರಿ ಹಾಡು ಇನ್ನೊಂದು ಸಲ ಬಂತು. ನಾನು ಹಾಕಿದ್ದಲ್ಲ, ಅದಾಗೇ ತಿರುಗಿ ಶುರುವಾಯಿತು. ದೊಡ್ಡಪ್ಪ ಕವಳ ಜಗಿಯುತ್ತ ಕತ್ತಿ ಆಡಿಸುತ್ತಿದ್ದರು, ಏನೂ ಅನ್ನಲಿಲ್ಲ. ಮುಗಿದ ಮೇಲೆ ಅಂಗಳಕ್ಕೆ ಹೋಗಿ ಕವಳ ಉಗುಳಿ ಬಂದು ಕೂತರು.

"ಎರಡ್ನೇ ಸಾಲು ಇನ್ನೊಂಚೂರು ಎಳೆಯಕ್ಕಾಗಿತ್ತು" ಅಂದರು.