ಸತ್ಯಾಂಶ: ಗ್ಯಾಸ್ ಗೀಸರ್ ಎರರ್ ಕೋಡ್ ರೀಸೆಟ್ ಮಾಡಿದರೆ ಸರಿಹೋಗುತ್ತಾ?

"ಗ್ಯಾಸ್ ಗೀಸರ್‌ನಲ್ಲಿ ಎರರ್ ಕೋಡ್ ಬಂದ್ರೆ ಸೆಲ್ ತೆಗೆದು ಮತ್ತೆ ಹಾಕಿ, ಆಮೇಲೂ ಬಂದ್ರೆ ಸೆನ್ಸರ್ ವೈರ್ ಕಿತ್ತುಬಿಡಿ" ಅಂತ ಒಂದು ಫಾರ್ವರ್ಡ್ ಓಡಾಡ್ತಿದೆ. ಇದು ತಪ್ಪು. ಎರಡನೇ ಮಾತಂತೂ ಜೀವಕ್ಕೇ ಅಪಾಯ.

ಸೆಲ್ ತೆಗೆದರೆ ಅಳಿಸಿಹೋಗುವುದು ಪರದೆ ಮೇಲಿನ ಅಕ್ಷರ ಅಷ್ಟೇ, ತೊಂದರೆ ಅಲ್ಲೇ ಇರುತ್ತೆ. ಕೋಡ್‌ಗಳೂ ಕಂಪನಿಗೊಂದು ಥರ. ರಿನ್ನಾಯ್‌ನಲ್ಲಿ 11 ಅಂದ್ರೆ ಉರಿ ಹೊತ್ತಿಲ್ಲ, 12 ಅಂದ್ರೆ ಹೊತ್ತಿದ ಉರಿ ಆರಿದೆ. ಬೇರೆ ಕಂಪನಿಯದಾದರೆ ಅದರ ಪುಸ್ತಕವನ್ನೇ ನೋಡಬೇಕು (ಅಟ್ಟದ ಮೇಲೆ ಎಲ್ಲೋ ಇರುತ್ತೆ, ಹುಡುಕಿ).

ಮೊದಲು ಕಿವಿಗೊಡಿ. ನಲ್ಲಿ ತಿರುಗಿಸಿದಾಗ ಟಿಕ್ ಟಿಕ್ ಸದ್ದೇ ಇಲ್ವಾ? ಸೆಲ್ ಮುಗಿದಿರಬಹುದು, ಇಲ್ಲಾ ನೀರಿನ ಒತ್ತಡ ಸಾಲದೆ ಒಳಗಿನ ವಾಲ್ವ್ ತೆರೆದಿರಲ್ಲ, ಟ್ಯಾಂಕ್ ಸಾಕಷ್ಟು ಎತ್ತರದಲ್ಲಿ ಇಲ್ಲದ ಮನೆಗಳಲ್ಲಿ ಇದು ಜಾಸ್ತಿ. ಸದ್ದು ಬಂದೂ ಉರಿ ಬರದಿದ್ದರೆ ಸಿಲಿಂಡರ್ ಖಾಲಿಯೋ, ರೆಗ್ಯುಲೇಟರ್ ಮುಚ್ಚಿದೆಯೋ ನೋಡಿ. ಇಷ್ಟು ನೀವೇ ಮಾಡಬಹುದು.

ಸೆನ್ಸರ್ ಮಾತ್ರ ಮುಟ್ಟಬೇಡಿ. ಉರಿ ಆರಿದರೆ ಗ್ಯಾಸ್ ನಿಲ್ಲಿಸುವುದು ಅದೇ. ಇನ್ನೊಂದು ಅಪಾಯವೂ ಇದೆ: ಗಾಳಿಯಾಡದ ಬಚ್ಚಲಲ್ಲಿ ಗ್ಯಾಸ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ತುಂಬಿಕೊಳ್ಳುತ್ತೆ, ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಉರಿ ನೀಲಿ ಬಿಟ್ಟು ಹಳದಿಯಾಗಿದ್ದರೆ, ಸ್ನಾನ ಮಾಡುವಾಗ ತಲೆ ಸುತ್ತಿದರೆ, ತಕ್ಷಣ ಆಚೆ ಬಂದು ಗ್ಯಾಸ್ ಬಂದ್ ಮಾಡಿ, ಮೆಕ್ಯಾನಿಕ್‌ಗೆ ಫೋನ್ ಮಾಡಿ.