ಕಣ್ಣಿನ ಪೊರೆ ಬಲಿಯೋವರೆಗೂ ಕಾಯಬೇಕಂತೆ!

ಇವತ್ತು ಬೆಳಿಗ್ಗೆ ಕಣದಲ್ಲಿ ನಿಂತು ಈ ವರ್ಷದ ಕೊನೆಯ ರೊಬಸ್ಟಾ ಕಾಫಿ ಚೀಲಗಳ ಲೆಕ್ಕ ಬರೀತಿದ್ದೆ. ಗುಡಿಸ್ತಿದ್ದ ಲೈನ್‌ಮನೆಯ (ತೋಟದ ಕೆಲಸದವರ ಸಾಲುಮನೆ) ಅಜ್ಜಿ ಪೊರಕೆ ಹಿಡಿದೇ ಹತ್ತಿರ ಬಂದು ನನ್ನ ಮುಖ ನೋಡ್ತಾ ನಿಂತುಬಿಟ್ಟರು. "ಅಕ್ಕಾ, ನಿಮ್ಮ ತಲೆ ಯಾವಾಗ ಇಷ್ಟು ಬೆಳ್ಳಗಾಯ್ತು?" ಅಂದರು.

ಅಪ್ಪ ತೀರಿಕೊಂಡ ವರ್ಷ ನಾನು ಕೂದಲಿಗೆ ಬಣ್ಣ ಹಚ್ಚೋದು ಬಿಟ್ಟಿದ್ದು ನಿಮಗೆಲ್ಲ ಗೊತ್ತು. ಅದಕ್ಕೆ ಮೂರು ವರ್ಷ ಆಯ್ತು. ಆ ಮೂರೂ ವರ್ಷ ಈ ಅಜ್ಜಿ ದಿನಾ ನನ್ನ ಎದುರಿಗೇ ಓಡಾಡಿದ್ದಾರೆ. ನನ್ನ ದನಿ ಕೇಳಿ, ನನಗಿಂತ ಮುಂದೆ ಓಡೋ ನಾಯಿಯ ಸದ್ದು ಕೇಳಿ ನಾನು ಅಂತ ಗುರುತು ಹಿಡಿದಿದ್ದಾರೆ. ಅವರಿಗೆ ನಾನು ಕಾಣಿಸ್ತಿಲ್ಲ ಅನ್ನೋದು ನನಗೆ ಕಾಣಿಸಲಿಲ್ಲ.

ಹೋದ ವರ್ಷ ಮೇಸ್ತ್ರಿ ಬಂದು, "ಅಜ್ಜಿ ಹಣ್ಣಿನ ಜೊತೆ ಹಸಿರು ಕಾಯಿನೂ ಕುಯ್ತಾರೆ, ಅವರನ್ನು ಕಣದ ಕೆಲಸಕ್ಕೆ ಹಾಕಿಬಿಡಿ" ಅಂದ. ಹಾಕಿದೆ. ಕಿಲೋ ಲೆಕ್ಕದಲ್ಲಿ ಕುಯ್ದು ನಾಲ್ಕು ಕಾಸು ಹೆಚ್ಚು ದುಡೀತಿದ್ದವರ ಕೈಗೆ ಪೊರಕೆ ಕೊಟ್ಟೆ. ವಯಸ್ಸಾಯ್ತಲ್ಲ, ಪಾಪ, ಹಗುರದ ಕೆಲಸ ಕೊಟ್ಟೆ ಅಂತ ಸಮಾಧಾನ ಬೇರೆ. ಯಾಕೆ ಹಸಿರು ಕಾಯಿ ಕುಯ್ತಿದ್ದಾರೆ ಅಂತ ಮೇಸ್ತ್ರಿ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಕೊನೆಗೆ ಜನವರಿಯಲ್ಲಿ ಅವರು ಕಣದ ಮೆಟ್ಟಿಲು ತಪ್ಪಿ ಬಿದ್ದಾಗ ಟಾರ್ಚ್ ಹಾಕಿ ನೋಡಿದೆ. ಎರಡೂ ಕಣ್ಣಿನ ಕಪ್ಪು ಬೆಳ್ಳಗಾಗಿತ್ತು. ಮಗನನ್ನು ಕೇಳಿದರೆ, "ಪೊರೆ ಅಕ್ಕಾ. ಇನ್ನೂ ಬಲಿತಿಲ್ಲವಂತೆ, ಬಲಿಯಲಿ ಅಂತ ಕಾಯ್ತಿದ್ದೀವಿ" ಅಂದ.

ಈ 'ಬಲಿಯಲಿ' ಅನ್ನೋ ಮಾತು ಕೇಳಿದರೆ ನನಗೆ ಮೈ ಉರಿಯುತ್ತೆ. ಅದು ನಮ್ಮ ಅಜ್ಜಂದಿರ ಕಾಲದ ಮಾತು. ಆಗ ಪೊರೆ ಬಂದ ಮಸೂರವನ್ನು ಇಡಿಯಾಗಿ ಹೊರಗೆ ತೆಗೀತಿದ್ದರು, ಆಮೇಲೆ ಜೀವನಪೂರ್ತಿ ಸೋಡಾ ಗ್ಲಾಸಿನಂಥ ಕನ್ನಡಕ. ಈಗ ಸಣ್ಣ ಸೀಳಿನಿಂದ ಪೊರೆ ತೆಗೆದು ಕೃತಕ ಮಸೂರ ಕೂರಿಸ್ತಾರೆ. ಅರ್ಧ ಗಂಟೆಯೂ ಹಿಡಿಯಲ್ಲ. ಕಾದಷ್ಟೂ ಪೊರೆ ಗಟ್ಟಿಯಾಗಿ ಆಪರೇಷನ್ ಕಷ್ಟವಾಗುತ್ತೆ. ತೀರಾ ಬಲಿತರೆ ಕಣ್ಣಿನ ಒತ್ತಡ ಏರಿ, ವಾಪಸ್ ಬರಬಹುದಾಗಿದ್ದ ದೃಷ್ಟಿಯೂ ಹೋಗಬಹುದು. ಕಾಫಿ ಹಣ್ಣಾಗಲಿ ಅಂತ ಕಾಯೋದು ಸರಿ. ಕಣ್ಣಿಗೆ ಆ ಲೆಕ್ಕ ಹಾಕಬೇಡಿ.

ಫೆಬ್ರವರಿ ಕೊನೆಯಲ್ಲಿ ಹುಣಸೂರು ದಾಟಿ ಮೈಸೂರಿಗೆ ಕರ್ಕೊಂಡು ಹೋದೆ. ಬಲಗಣ್ಣು ಆಯ್ತು. ಮಾರನೇ ದಿನ ಪಟ್ಟಿ ಬಿಚ್ಚಿದರು. ಇವತ್ತು ನನ್ನ ತಲೆಗೂದಲು ಕಂಡಿತು.

2021ರ ಅಕ್ಟೋಬರ್ 29ರಂದು ಅಪ್ಪು ಹೋದಾಗ ನಾವೆಲ್ಲ ಅತ್ತಿದ್ದೆವು. ಅವರ ಎರಡು ಕಣ್ಣುಗಳಿಂದ ನಾಲ್ಕು ಜನರಿಗೆ ದೃಷ್ಟಿ ಬಂತು. ಅದನ್ನು ಓದಿ ನಾನೂ ನೇತ್ರದಾನಕ್ಕೆ ಹೆಸರು ಬರೆಸಿದೆ, ಇಲ್ಲೇ ನನ್ನ ಪುಟದಲ್ಲಿ ಫೋಟೋ ಹಾಕಿದ್ದೆ. ನೇತ್ರದಾನ ದೊಡ್ಡದು, ಅದನ್ನು ಬಿಡಬೇಡಿ. ಆದರೆ ದಾನದ ಕಣ್ಣು ಬೇಕಾಗೋದು ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಹಾಳಾದವರಿಗೆ. ನಮ್ಮ ದೇಶದಲ್ಲಿ 50 ದಾಟಿದವರ ಕುರುಡಿಗೆ ಅತಿ ದೊಡ್ಡ ಕಾರಣ ಪೊರೆ, ಅದಕ್ಕೆ ಯಾರ ಕಣ್ಣೂ ಬೇಡ. ಸತ್ತ ಮೇಲೆ ಕಣ್ಣು ಕೊಡ್ತೀನಿ ಅಂತ ಸಹಿ ಹಾಕಿದ ನಾನು, ಬದುಕಿರುವಾಗ ಹತ್ತು ಮಾರು ದೂರದಲ್ಲಿದ್ದವರನ್ನು ಇಷ್ಟು ವರ್ಷ ಜೀಪು ಹತ್ತಿಸಲಿಲ್ಲ. ಇದನ್ನು ಬರೆಯೋಕೆ ನಾಚಿಕೆಯಾಗುತ್ತೆ.

"ಉಚಿತ ಶಿಬಿರ ಇರುತ್ತಲ್ಲ, ಅವರೇ ಹೋಗಲ್ಲ" ಅಂತ ಗೆಳತಿಯೊಬ್ಬಳು ಮೊನ್ನೆ ಹೇಳಿದಳು. ಹೌದು, ಶಿಬಿರಗಳಿವೆ. ಅಂಧತ್ವ ನಿಯಂತ್ರಣಕ್ಕೆ ರಾಷ್ಟ್ರೀಯ ಕಾರ್ಯಕ್ರಮ ಶುರುವಾಗಿದ್ದೇ 1976ರಲ್ಲಿ. ಆದರೆ ಹೋಗೋದು ಅಂದರೆ ಏನು ಅಂತ ಒಂದು ಸಲ ಲೆಕ್ಕ ಹಾಕಿ. ಬೆಳಗಿನ ಬಸ್ಸು ಹಿಡಿಯೋಕೆ ಕತ್ತಲಲ್ಲೇ ಲೈನ್‌ಮನೆ ಬಿಡಬೇಕು, ದಾರಿಯಲ್ಲಿ ಆನೆ. ಕಣ್ಣು ಕಾಣದವರು ಒಬ್ಬರೇ ಹೋಗೋಕಾಗಲ್ಲ, ಜೊತೆಗೆ ಹೋದವರದ್ದೂ ಕೂಲಿ ಹೋಯ್ತು. ಆಪರೇಷನ್ ಆದ ಮೇಲೆ ಮತ್ತೆ ತೋರಿಸೋಕೆ ಹೋಗಬೇಕು, ವಾರಗಟ್ಟಲೆ ಹೊತ್ತು ಹೊತ್ತಿಗೆ ಡ್ರಾಪ್ಸ್ ಹಾಕೋರು ಬೇಕು. ಇರೋ ಚೂರು ಬೆಳಕೂ ಹೋದರೆ ಅನ್ನೋ ಭಯ ಬೇರೆ. ಇಷ್ಟೆಲ್ಲ ಇರುವಾಗ 'ಉಚಿತ' ಅಂದರೆ ಯಾರಿಗೆ ಉಚಿತ?

ಇದನ್ನು ಅರ್ಥ ಮಾಡಿಕೊಂಡವರು ಇದ್ದರು. ನಮ್ಮ ಬೀಳಗಿಯ ಡಾ. ಎಂ. ಸಿ. ಮೋದಿ ಊರೂರಿಗೆ ಹೋಗಿ ಪೊರೆ ತೆಗೆದು ಕಣ್ಣು ಕೊಟ್ಟರು. 1976ರಲ್ಲಿ ಮದುರೈಯಲ್ಲಿ 11 ಹಾಸಿಗೆಗಳಿಂದ ಅರವಿಂದ ಕಣ್ಣಾಸ್ಪತ್ರೆ ಶುರು ಮಾಡಿದ ಡಾ. ಜಿ. ವೆಂಕಟಸ್ವಾಮಿ ಮತ್ತವರ ತಂಡ, ಆಪರೇಷನ್ ಪುಕ್ಕಟೆ ಅಂದರೆ ಸಾಲದು ಅಂತ ಕಂಡುಕೊಂಡು, ಹಳ್ಳಿಯಲ್ಲಿ ತಪಾಸಣೆ ಮಾಡಿ ಬಸ್ಸಲ್ಲಿ ಕರ್ಕೊಂಡು ಹೋಗಿ, ಊಟ ಹಾಕಿ, ವಾಪಸ್ ಬಿಡೋ ವ್ಯವಸ್ಥೆ ಮಾಡಿದರು. ಹೊರದೇಶದ ಮಸೂರ ದುಬಾರಿ ಅಂತ 1992ರಲ್ಲಿ ತಾವೇ ತಯಾರಿಸೋಕೆ ಶುರು ಮಾಡಿದರು. ನೇಪಾಳದ ಬೆಟ್ಟಗಳಲ್ಲಿ ಡಾ. ಸಂದುಕ್ ರೂಯಿತ್ ಹೊಲಿಗೆ ಬೇಡದ ಕಡಿಮೆ ಖರ್ಚಿನ ಆಪರೇಷನ್ ಮಾಡಿ ತೋರಿಸಿದರು. ನಮ್ಮದೂ ಬೆಟ್ಟದ ಸೀಮೆಯೇ. ನಮ್ಮಲ್ಲಿ ರಸ್ತೆ ಇದೆ, ಅಂಗಳದಲ್ಲಿ ಜೀಪಿದೆ.

ಪೊರೆ ಹೋಗಲಿ, ಬರೀ ಚಾಳೀಸಿನ (ವಯಸ್ಸಾದಂತೆ ಹತ್ತಿರದ್ದು ಮಸುಕಾಗೋದು) ಕನ್ನಡಕ ಇಲ್ಲದೆ ಕಷ್ಟಪಡೋರು ಎಷ್ಟು ಜನ! ವಿಶ್ವ ಆರೋಗ್ಯ ಸಂಸ್ಥೆಯ 2019ರ ವರದಿಯ ಪ್ರಕಾರ, ತಡೆಯಬಹುದಾಗಿದ್ದ ಅಥವಾ ಇನ್ನೂ ಪರಿಹಾರ ಸಿಗದ ದೃಷ್ಟಿದೋಷ ಇರೋರು ಪ್ರಪಂಚದಲ್ಲಿ ಕಡಿಮೆ ಅಂದರೂ 100 ಕೋಟಿ; ಅದರಲ್ಲಿ 82 ಕೋಟಿಗೂ ಹೆಚ್ಚು ಜನರದ್ದು ಚಾಳೀಸು. ಅಸ್ಸಾಮಿನ ಚಹಾ ತೋಟದಲ್ಲಿ 40 ದಾಟಿದ ಕೆಲಸಗಾರರಿಗೆ ಕನ್ನಡಕ ಕೊಟ್ಟು ನೋಡಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯ್ತು. ಕನ್ನಡಕ ಸಿಗದವರಿಗೆ ಹೋಲಿಸಿದರೆ ಸಿಕ್ಕವರ ದುಡಿಮೆ ಶೇ. 21.7ರಷ್ಟು ಹೆಚ್ಚಿತು. ಅದೇ ಅಸ್ಸಾಮಿಂದ ಬಂದು ನಮ್ಮ ತೋಟಗಳಲ್ಲಿ ಕಾಫಿ ಕುಯ್ಯೋರ ಕಣ್ಣನ್ನು ನಮ್ಮಲ್ಲಿ ಎಷ್ಟು ಜನ ಪರೀಕ್ಷೆ ಮಾಡಿಸಿದ್ದೀವಿ?

ನನಗೆ ಇಷ್ಟು ಸಿಟ್ಟು ಬರೋಕೆ ಇನ್ನೊಂದು ಕಾರಣ ಅಪ್ಪ. ಅವರ ಎಡಗಣ್ಣು ಹೋಗಿದ್ದು ಗ್ಲಾಕೋಮಾದಿಂದ, ಅಂದರೆ ಕಣ್ಣಿನ ನರ ಹಾಳು ಮಾಡೋ ಕಾಯಿಲೆಯಿಂದ. ನೋವಿಲ್ಲ, ಕೆಂಪಿಲ್ಲ, ಅಂಚಿನಿಂದ ಒಳಗೆ ಸದ್ದಿಲ್ಲದೆ ಕತ್ತಲಾಗುತ್ತಾ ಬಂತು. ಗೊತ್ತಾಗೋ ಹೊತ್ತಿಗೆ ನರ ಸತ್ತಿತ್ತು. ಡ್ರಾಪ್ಸ್ ಹಾಕಿ ಉಳಿದ ಕಣ್ಣನ್ನು ಕಾಪಾಡಿಕೊಂಡೆವು, ಹೋಗಿದ್ದು ಹೋಯ್ತು. ಎಷ್ಟು ದುಡ್ಡು ಸುರಿದರೂ ವಾಪಸ್ ಬರದ ಕಣ್ಣನ್ನು ನನ್ನ ಮನೆಯಲ್ಲೇ ನೋಡಿದ್ದೀನಿ. ಅದಕ್ಕೇ, ವಾಪಸ್ ಬರೋ ಕಣ್ಣನ್ನು 'ಬಲಿಯಲಿ' ಅಂತ ಬಿಡೋದನ್ನು ನೋಡೋಕಾಗಲ್ಲ.

ಅಜ್ಜಿಯ ಎಡಗಣ್ಣಿನ ಆಪರೇಷನ್ ಬರೋ ಗುರುವಾರ. ಮಳೆಗಾಲ ಹಿಡಿದರೆ ಯಾರೂ ಹೊರಡಲ್ಲ, ಅಷ್ಟರೊಳಗೆ ಇನ್ನೂ ಒಂದಷ್ಟು ಜನರನ್ನು ತೋರಿಸಬೇಕು ಅಂತ ಇದೆ. ಬುಧವಾರ ಬೆಳಿಗ್ಗೆ ಆರಕ್ಕೆ ಗೋಣಿಕೊಪ್ಪದಿಂದ ಹೊರಡ್ತೀವಿ, ಜೀಪಲ್ಲಿ ಮೂರು ಸೀಟು ಖಾಲಿ ಇದೆ. ನಿಮ್ಮ ಲೈನ್‌ನಲ್ಲಿ ದನಿ ಕೇಳಿ ನಿಮ್ಮನ್ನು ಗುರುತು ಹಿಡಿಯೋರು ಯಾರಾದರೂ ಇದ್ದರೆ ನನಗೆ ಮೆಸೇಜ್ ಮಾಡಿ.