ಶನಿವಾರ ಇಲ್ಲದ ದೇಶದ ಎರೆ

ಮೀನಿನ ಮೊಟ್ಟೆಯನ್ನು ಹದ ಮಾಡಿ ಗಾಳಕ್ಕೆ ಎರೆಯಾಗಿ ಇಟ್ಟುಕೊಳ್ಳುವುದು ಅಂಥ ಕಷ್ಟದ ಕೆಲಸವೇನಲ್ಲ. ಉಪ್ಪು, ಸಕ್ಕರೆ, ಬಿಳಿಗಾರ, ಒಂದು ಗಟ್ಟಿ ಪ್ಲಾಸ್ಟಿಕ್ ಚೀಲ, ಒಂದೆರಡು ದಿನದ ತಾಳ್ಮೆ. ಅಷ್ಟೇ. ಅಮೆರಿಕದ ಒರೆಗಾನ್, ವಾಷಿಂಗ್ಟನ್ ಕಡೆ ಸಾಲ್ಮನ್ ಹಿಡಿಯುವವರು ಇದನ್ನು ಸಲೀಸಾಗಿ ಮಾಡಿ ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತಾರೆ. ಆದರೆ ಅವರು ಯಾರೂ ಬಾಯಿಬಿಟ್ಟು ಹೇಳದ ಸಾಮಾನು ಒಂದಿದೆ. ಎರಡನೇ ಫ್ರಿಜ್ಜು. ಅವರ ವಿಡಿಯೋ ನೋಡಿ, ಕಾರು ನಿಲ್ಲಿಸುವ ಶೆಡ್ಡಿನಲ್ಲಿ ಹಿಂದೆ ಒಂದು ಹಳೇ ಫ್ರಿಜ್ಜು ನಿಂತಿರುತ್ತದೆ. ಅದರೊಳಗೆ ಏನಿದೆ ಅಂತ ಹೆಂಡತಿ ಕೇಳಲ್ಲ, ಅತ್ತೆ ಇಣುಕಲ್ಲ. ಮೈಸೂರಿನಲ್ಲಿ ಬಾಡಿಗೆ ಮನೆಯಲ್ಲಿರುವ ನಮ್ಮಂಥವರಿಗೆ ಇರೋದು ಒಂದೇ ಫ್ರಿಜ್ಜು. ಅದರ ಕಂತು ಕಟ್ಟಿದವನು ನಾನು. ಒಡೆಯರು ಬೇರೆ.

ನಮ್ಮ ಜೊತೆಗೇ ಇರುವ ನನ್ನ ಭಾವಮೈದನಿಗೆ ಗಾಳದ ಹುಚ್ಚು. ಮಂಡ್ಯದ ಕಡೆ ಕೆರೆ ದಂಡೆಯಲ್ಲಿ ಬೆಳೆದವನಿಗೆ ಅದು ಇರೋದು ಸಹಜ ಬಿಡಿ. ಚಿಕ್ಕಂದಿನಲ್ಲಿ ಎರೆಹುಳ ಅಗೆದು, ಬೆಂಡು ಕಟ್ಟಿ, ಪಕ್ಕೆ ಮೀನು ಹಿಡಿದು ಸುಟ್ಟು ತಿಂದವನು. ಮೈಸೂರಿನಲ್ಲಿ ಕೆಲಸ ಸಿಕ್ಕ ಮೇಲೆ ಕೈಗೆ ಫೈಬರ್ ರಾಡು ಬಂತು, ಮೊಬೈಲಿಗೆ ಅಮೆರಿಕದ ವಿಡಿಯೋ ಬಂತು. ಅಲ್ಲಿಗೆ ಎರೆಹುಳ ಅವನ ಅಂತಸ್ತಿಗೆ ಕಡಿಮೆಯಾಯಿತು.

"ಭಾವ, ಅಲ್ಲಿ ಹೊಳೇಲಿ ತೇಲ್ಕೊಂಡು ಬರೋ ಮೊಟ್ಟೆ ತಿನ್ನೋಕೆ ಟ್ರೌಟ್ ಮೀನು ಕಾಯ್ಕೊಂಡಿರ್ತವೆ. ಮೊಟ್ಟೆ ಅಂದ್ರೆ ಮೀನಿಗೆ ಪ್ರಾಣ."

"ನಿಮ್ಮೂರ ಕೆರೇಲಿ ಟ್ರೌಟ್ ಎಲ್ಲಿದೆಯೋ?"

"ಜಿಲೇಬಿ ಇದೆಯಲ್ಲ!"

ಜಿಲೇಬಿ ಅಂದರೆ ಟಿಲಾಪಿಯಾ. ಆಫ್ರಿಕಾ ಮೂಲದ ಈ ಮೀನನ್ನು 1952ರಲ್ಲಿ ನಮ್ಮ ದೇಶಕ್ಕೆ ತಂದರು. ಈಗ ಅದು ಇಲ್ಲದ ಕೆರೆಯನ್ನು ಹುಡುಕಬೇಕು. ಸಿಕ್ಕಿದ್ದೆಲ್ಲ ತಿನ್ನುತ್ತದೆ, ಮೊಟ್ಟೆಯನ್ನೂ ಬಿಡಲ್ಲ. ತಮಾಷೆ ಏನಂದರೆ ಹೆಣ್ಣು ಜಿಲೇಬಿ ತನ್ನ ಮೊಟ್ಟೆಗಳನ್ನು ಬಾಯೊಳಗೇ ಇಟ್ಟುಕೊಂಡು ಮರಿ ಮಾಡುತ್ತದೆ. ಆಗ ಅದು ಊಟ ಬಿಟ್ಟಿರುತ್ತದೆ. ಬಾಯಿ ತುಂಬ ಸ್ವಂತ ಮೊಟ್ಟೆ ಇರೋ ಮೀನಿಗೆ ನಾವು ಕಂಡವರ ಮೊಟ್ಟೆ ತೋರಿಸಿ ಆಸೆ ಹುಟ್ಟಿಸಬೇಕು, ನೋಡಿ.

ಮೊಟ್ಟೆ ಸಿಗೋದಕ್ಕೂ ಒಂದು ಕಾಲ ಇದೆ. ಕಟ್ಲಾ, ರೋಹು ಮೀನುಗಳಿಗೆ ಮುಂಗಾರಿನ ಹೊತ್ತಿಗೆ ಹೊಟ್ಟೆ ತುಂಬ ಮೊಟ್ಟೆ. ಆದರೆ ನಿಂತ ನೀರಿನಲ್ಲಿ ಅವು ಮೊಟ್ಟೆ ಇಡಲ್ಲ. ಮಳೆಯ ಹೊಸ ನೀರು, ಹರಿಯುವ ಹೊಳೆ ಬೇಕು. ಕೆರೆಯಲ್ಲಿ ಬೆಳೆದವು ಸುಮ್ನೆ ಹೊತ್ತುಕೊಂಡು ತಿರುಗುತ್ತವೆ. ಇದಕ್ಕೆ 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧರಿ ಅನ್ನುವ ವಿಜ್ಞಾನಿ ಇಂಜೆಕ್ಷನ್ ಕಂಡುಹಿಡಿದರು. ಒಂದು ಮೀನಿನ ಪಿಟ್ಯುಟರಿ ಗ್ರಂಥಿಯ ರಸವನ್ನು ಇನ್ನೊಂದಕ್ಕೆ ಚುಚ್ಚಿ ಮೊಟ್ಟೆ ಇಡಿಸಿದರು. ಅದರ ನೆನಪಿಗೇ ಜುಲೈ 10ನ್ನು ಮೀನು ಕೃಷಿಕರ ದಿನ ಅಂತ ಆಚರಿಸುತ್ತಾರೆ. ನಮ್ಮ ಭಾವಮೈದ ಇದನ್ನೆಲ್ಲ ಬಾಯಿಪಾಠ ಮಾಡಿದ್ದಾನೆ. ಅವನು ಗಮನಿಸದೆ ಇದ್ದದ್ದು ಒಂದೇ. ಆ ಕಾಲಕ್ಕೆ ಸರಿಯಾಗಿ ಆಷಾಢ ಬರುತ್ತದೆ. ಆಷಾಢ ಬಂತು ಅಂದರೆ ಶುಕ್ರವಾರ ಚಾಮುಂಡಿ ಬೆಟ್ಟ ಹತ್ತಲು ಅತ್ತೆ ಊರಿಂದ ಬರುತ್ತಾರೆ. ತಿಂಗಳು ಪೂರ್ತಿ ನಮ್ಮಲ್ಲೇ ಇರುತ್ತಾರೆ.

ಮೀನಂಗಡಿಗೆ ನಾನೂ ಹೋಗಿದ್ದೆ, ಸ್ಕೂಟರ್ ನನ್ನದಲ್ವಾ. ರೋಹು ಮೀನಿನ ಹೊಟ್ಟೆ ಸೀಳಿದಾಗ ಎರಡು ಉದ್ದನೆ ಹೋಳು ಜಾರಿ ಹೊರಗೆ ಬಂದವು. ಹಳದಿ ಬಣ್ಣ, ಮೇಲೆ ತೆಳ್ಳನೆ ಪೊರೆ, ಪೊರೆಯ ಮೇಲೆ ರಕ್ತದ ಗೆರೆ. ಅಂಗಡಿಯ ಅಕ್ಕ ಅಭ್ಯಾಸದಂತೆ ಬಕೆಟ್ಟಿನಲ್ಲಿ ಅದ್ದಲು ಹೋದರು. ಇವನು "ಅಕ್ಕಾ, ನೀರು ತಾಗಿಸ್ಬೇಡಿ!" ಅಂತ ಕೂಗಿದ್ದಕ್ಕೆ ಪಕ್ಕದ ಅಂಗಡಿಯವರೂ ಕತ್ತಿ ನಿಲ್ಲಿಸಿದರು. ನೀರು ತಾಗಿದರೆ ಮೊಟ್ಟೆ ನೀರು ಕುಡಿದು ಉಬ್ಬಿ ಗಟ್ಟಿಯಾಗುತ್ತದೆ, ಆಮೇಲೆ ಉಪ್ಪು ಸರಿಯಾಗಿ ಹಿಡಿಯಲ್ಲ. ಅದು ಸರಿಯೇ. ಅಕ್ಕ ನನ್ನ ಕಡೆ ತಿರುಗಿ, "ತೊಳೀದೆ ಹೆಂಗೆ ಸಾರ್ ತಿಂತೀರಾ?" ಅಂದರು. ನಾನು ಸ್ಕೂಟರ್ ಸ್ಟಾರ್ಟ್ ಮಾಡಿದೆ.

ಬಿಳಿಗಾರಕ್ಕೆ ಗ್ರಂಧಿಗೆ ಅಂಗಡಿ. ಅಕ್ಕಸಾಲಿಗರು ಬೆಸುಗೆಗೆ ಹಾಕುವ ಸಾಮಾನು ಅದು. ಹಿಂದೆ ಮಕ್ಕಳ ಬಾಯಿ ಹುಣ್ಣಿಗೂ ಹಚ್ಚುತ್ತಿದ್ದರು.

"ಮಗೂಗೆ ಬಾಯಿ ಹುಣ್ಣಾ?" ಅಂದರು ಅಂಗಡಿಯ ಹಿರಿಯರು.

"ಇಲ್ಲ, ಮೀನಿಗೆ."

ಅವರು ಪೊಟ್ಟಣ ಕಟ್ಟುತ್ತಾ, "ಮೀನಿಗೂ ಬರುತ್ತಾ?" ಅಂತ ನಿಜವಾಗಿಯೂ ಕಾಳಜಿಯಿಂದ ಕೇಳಿದರು.

ಮನೆಯಲ್ಲಿ ಕೆಲಸ ಶುರುವಾದದ್ದು ಮಂಗಳವಾರ ಸಂಜೆ. ಇದಕ್ಕೆ ಕಾರಣ ಇದೆ, ಆಮೇಲೆ ಹೇಳುತ್ತೇನೆ. ಮೊದಲು ಚಮಚದ ಹಿಂಬದಿಯಿಂದ ಪೊರೆಯ ಮೇಲಿನ ರಕ್ತವನ್ನು ಮೆಲ್ಲಗೆ ಒತ್ತಿ ತೆಗೆಯಬೇಕು. ಕೆಡುವುದು ಮೊದಲು ಅದೇ. ಆಮೇಲೆ ಬಿಳಿಗಾರ, ಕಲ್ಲುಪ್ಪಿನ ಪುಡಿ, ಸಕ್ಕರೆ ಕಲಸಿ ಉದುರಿಸಬೇಕು. ಉಪ್ಪು ಮೊಟ್ಟೆಯ ನೀರನ್ನು ಹೊರಗೆ ಎಳೆಯುತ್ತದೆ, ಸಕ್ಕರೆ ಮೆತ್ತಗಿಡುತ್ತದೆ, ಬಿಳಿಗಾರ ಸಿಪ್ಪೆ ಬಿಗಿ ಮಾಡಿ ಕೊಳೆಯದಂತೆ ತಡೆಯುತ್ತದೆ. ಅಮೆರಿಕದವರು ಕೆಂಪು ಬಣ್ಣವನ್ನೂ ಹಾಕುತ್ತಾರೆ, ಹಾಗಾಗಿ ಇವನೂ ಹಾಕಿದ. ಅವರು ಕೈಗೆ ಗ್ಲೌಸ್ ಹಾಕಿಕೊಂಡಿರುತ್ತಾರೆ. ಇವನು ಹಾಕಿಕೊಳ್ಳಲಿಲ್ಲ. ಮಾರನೆ ದಿನ ಆಫೀಸಿನಲ್ಲಿ ಯಾರದೋ ಮದುವೆ ಓಕುಳಿ ಅಂತ ಹೇಳಿಕೊಂಡು ಓಡಾಡಿದನಂತೆ. ಆಷಾಢದಲ್ಲಿ ಎಂಥ ಮದುವೆ ಅಂತ ಒಬ್ಬರೂ ಕೇಳಲಿಲ್ಲವಂತೆ, ಪುಣ್ಯಾತ್ಮರು.

ಸಾಲ್ಮನ್ ಮೊಟ್ಟೆ 6ರಿಂದ 9 ಮಿಲಿಮೀಟರ್ ಇರುತ್ತದೆ. ಒಂದೊಂದನ್ನೇ ಗಾಳಕ್ಕೆ ಚುಚ್ಚಬಹುದು. ನಮ್ಮ ರೋಹು ಮೊಟ್ಟೆ ಚಿರೋಟಿ ರವೆ ಇದ್ದ ಹಾಗೆ. ಚುಚ್ಚೋದಿರಲಿ, ಬೆರಳಿಗೆ ಅಂಟಿದ್ದು ಬಿಡಿಸಿಕೊಳ್ಳೋದೇ ಕಷ್ಟ. ಬಲೆ ಬಟ್ಟೆಯಲ್ಲಿ ಸಣ್ಣ ಗಂಟು ಕಟ್ಟಿ ಗಾಳಕ್ಕೆ ಸಿಕ್ಕಿಸಬೇಕು. ಅದಕ್ಕೂ ವಿಡಿಯೋ ಇದೆ. ಆ ಬಟ್ಟೆ ಎಲ್ಲಿಂದ ಬಂತು ಅನ್ನೋದು ಅವತ್ತು ರಾತ್ರಿ ಗೊತ್ತಾಯಿತು. ನನ್ನ ಸೊಳ್ಳೆ ಪರದೆಯಲ್ಲಿ, ಸರಿಯಾಗಿ ನನ್ನ ಕಾಲಿನ ಹತ್ತಿರ, ಅಂಗೈ ಅಗಲದ ಕಿಟಕಿ.

ಈಗ ಮಂಗಳವಾರದ ವಿಷಯ. ಮೊಟ್ಟೆ ಮೊದಲು ನೀರು ಬಿಡುತ್ತದೆ. ಆಮೇಲೆ ಆ ರಸವನ್ನೇ ವಾಪಸ್ ಹೀರಿಕೊಳ್ಳುತ್ತದೆ. ಇದಕ್ಕೆ 24ರಿಂದ 48 ಗಂಟೆ ಫ್ರಿಜ್ಜಿನಲ್ಲಿ ಇಟ್ಟು, ಆಗಾಗ ಚೀಲ ಮಗುಚಿ ಹಾಕುತ್ತಿರಬೇಕು. ಒರೆಗಾನಿನಲ್ಲಿ 48 ಗಂಟೆ ಅಂದರೆ 48 ಗಂಟೆ. ನಮ್ಮ ಮನೆಯಲ್ಲಿ ಹಾಗಲ್ಲ. ಸೋಮವಾರ ಈಶ್ವರನದು, ಮೀನು ಮಾಂಸ ಒಳಗೆ ಬರುವಂತಿಲ್ಲ. ಶನಿವಾರ ತಿಮ್ಮಪ್ಪನದು. ಆಷಾಢದಲ್ಲಿ ಶುಕ್ರವಾರ ತಾಯಿ ಚಾಮುಂಡಿಯದು, ಗುರುವಾರ ಸಂಜೆಯೇ ಫ್ರಿಜ್ಜು ಒರೆಸಿ ಹೂವು, ನಿಂಬೆಹಣ್ಣು ಇಡಬೇಕು. ಭಾನುವಾರ ಶುರು ಮಾಡಿದರೆ ಸೋಮವಾರ ಅಡ್ಡ ಬರುತ್ತದೆ. ಬುಧವಾರ ಶುರು ಮಾಡಿದರೆ ಮೊಟ್ಟೆ ರಸ ಬಿಡುತ್ತಿರುವಾಗಲೇ ಗುರುವಾರ ಸಂಜೆ. ಉಳಿದದ್ದು ಮಂಗಳವಾರ ಸಂಜೆಯಿಂದ ಗುರುವಾರ ಸಂಜೆ. ಲೆಕ್ಕ ಹಾಕಿ, ಸರಿಯಾಗಿ 48 ಗಂಟೆ. ಅಮೆರಿಕದವರ ಹದವೂ ನಮ್ಮ ಪಂಚಾಂಗವೂ ಕೂಡುವ ಜಾಗ ವಾರದಲ್ಲಿ ಅದೊಂದೇ. ಅದನ್ನು ಹುಡುಕಿ ಕೊಟ್ಟವಳು ನನ್ನ ಹೆಂಡತಿ. ಅವಳು ಅಂಕೆಸಂಖ್ಯೆ ಓದಿದವಳು.

ಬುಧವಾರ ಬೆಳಗ್ಗೆ ಅತ್ತೆ ದೋಸೆ ಹಿಟ್ಟು ತೆಗೆಯಲು ಫ್ರಿಜ್ಜಿನ ಬಾಗಿಲು ತೆಗೆದರು. ಮೇಲಿನ ತಟ್ಟೆಯಲ್ಲಿದ್ದ ಚೀಲ ರಾತ್ರಿಯೆಲ್ಲ ಒಂದು ಮೂಲೆಯಿಂದ ಜಿನುಗಿತ್ತು. ಜಾಲರಿ ತಟ್ಟೆ. ರಸ ನೇರವಾಗಿ ಹಿಟ್ಟಿನ ಪಾತ್ರೆಗೆ ಇಳಿದು, ನಡುವಿನಲ್ಲಿ ದುಂಡಗೆ, ಕೆಂಪಗೆ ಕೂತಿತ್ತು.

"ಯಾರ್ಲಾ ಹಿಟ್ಗೆ ಕುಂಕುಮ ಇಟ್ಟಿರೋದು?"

"ಅದು ಕುಂಕುಮ ಅಲ್ಲ ಕಣವ್ವ, ಮೀನಿನ ಮೊಟ್ಟೆ ನೀರು" ಅಂದ ಇವನು. ಕುಂಕುಮ ಅಂತ ಒಪ್ಪಿಕೊಂಡಿದ್ದರೆ ಒಳ್ಳೆಯದಿತ್ತು ಅಂತ ನನ್ನ ಅಭಿಪ್ರಾಯ. ಅತ್ತೆ ನನ್ನ ಕಡೆ ನೋಡಿ, "ಅಳಿಯಂದ್ರೇ, ಮೀನಿನ ಮೊಟ್ಟೇನ ಈರುಳ್ಳಿ ಹಾಕಿ ಹುರ್ಕೊಂಡು ತಿಂತಾರೆ. ಅದನ್ನ ನೀರಿಗೆ ಹಾಕಿ ಮೀನು ಹಿಡಿಯೋದು ಯಾವ ಬದುಕು? ನೀವಾದ್ರೂ ಒಂದು ಮಾತು ಹೇಳ್ಬಾರ್ದಾ?" ಅಂದರು. ಹಿಟ್ಟು ಚೆಲ್ಲಿದೆವು. ಬಿಳಿಗಾರ ಹೊಟ್ಟೆಗೆ ಹೋಗಬಾರದ ವಸ್ತು, ಹಾಗಾಗಿ ಕೆಳಗಿನ ತಟ್ಟೆಯಲ್ಲಿ ತೆರೆದಿದ್ದ ಪಲ್ಯ, ಬೆಣ್ಣೆ, ಅರ್ಧ ಸೌತೆಕಾಯಿ ಎಲ್ಲವೂ ಹೋದವು. ಅವನು ಕಲಸಿದ ಚಮಚವನ್ನೂ ಹೆಂಡತಿ ಎಸೆದಳು. ತಿಂಡಿಗೆ ಉಪ್ಪಿಟ್ಟಾಯಿತು. ಚಿರೋಟಿ ರವೆಯದಲ್ಲ. ಅದನ್ನು ನೋಡುವ ಧೈರ್ಯ ಯಾರಿಗೂ ಇರಲಿಲ್ಲ.

ಇಷ್ಟಾದರೂ ಮೊಟ್ಟೆ ಮಾತ್ರ ಚೆನ್ನಾಗಿ ಹದವಾಯಿತು. ಅದನ್ನು ಹೇಳಲೇಬೇಕು. ಗುರುವಾರ ಸಂಜೆ ಚೀಲ ಖಾಲಿ ಮಾಡಿ, ಅಡುಗೆಮನೆ ಹಿಂದಿನ ಪಾತ್ರೆ ತೊಳೆಯುವ ಜಾಗದಲ್ಲಿ ಹಳೇ ಪೇಪರ್ ಹಾಸಿ ಆರಲು ಬಿಟ್ಟ. ಒಂದಿಷ್ಟು ಆರಿದರೆ ಕೈಗೆ ಅಂಟಲ್ಲ, ಆಮೇಲೆ ಡಬ್ಬಿಗೆ ತುಂಬಬಹುದು. ರಾತ್ರಿ ಹೋಗಿ ನೋಡಿದರೆ ಸಿಲಿಂಡರಿನ ಹಿಂದಿನಿಂದ ಒಂದು ಸಾಲು ಹೊರಟಿದೆ. ಸಣ್ಣ ಕೆಂಪಿರುವೆ. ಗೋಡೆ ಹತ್ತಿ, ನಲ್ಲಿ ಸುತ್ತಿ, ಪೇಪರಿನ ಅಂಚಿಗೆ ಇಳಿದು, ಒಂದೊಂದೂ ಒಂದೊಂದು ಕಾಳು ಹೊತ್ತುಕೊಂಡು ವಾಪಸ್. ಹೋಗೋದಕ್ಕೆ ಒಂದು ದಾರಿ, ಬರೋದಕ್ಕೆ ಇನ್ನೊಂದು. ದಸರೆಯ ದಿನ ನಮ್ಮ ಊರಿನ ರಸ್ತೆಗಳಲ್ಲೂ ಇಷ್ಟು ಶಿಸ್ತು ಇರಲ್ಲ. ಭಾವಮೈದ ಊದಿದ, ಕೊಡವಿದ, ಬೈದ. ಉಳಿದದ್ದನ್ನು ಡಬ್ಬಿಗೆ ತುಂಬಿ, ಐಸ್ ಹಾಕಿದ ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು ಮೆಟ್ಟಿಲ ಕೆಳಗೆ ಬಚ್ಚಿಟ್ಟ. ಶುಕ್ರವಾರ ಅತ್ತೆ ಅದರ ಪಕ್ಕದಲ್ಲೇ ಚಪ್ಪಲಿ ಬಿಟ್ಟು ಬೆಟ್ಟದ ಮೆಟ್ಟಿಲು ಹತ್ತಲು ಬರಿಗಾಲಲ್ಲಿ ಹೊರಟರು.

ಶನಿವಾರ ಅವನ ಊರ ಕೆರೆ. ಕೆರೆಯ ಮೀನಿನ ಟೆಂಡರ್ ಹಿಡಿದವರನ್ನು ಕೇಳಿದ್ದಕ್ಕೆ, "ಗಾಳ ತಾನೆ, ಹಾಕ್ಕಳಿ. ಬಲೆ ಗಿಲೆ ಬೇಡ" ಅಂದರು. ಸೊಳ್ಳೆ ಪರದೆಯ ಗಂಟುಗಳನ್ನು ನೋಡಿ, "ಇದ್ಯಾಕಣ್ಣ, ಮುದ್ದೆ ಹಾಕಿ" ಅಂತ ಸಲಹೆಯನ್ನೂ ಕೊಟ್ಟರು. ಅದು ಹಗುರವಾಗಿ ತೆಗೆದುಕೊಳ್ಳೋ ಮಾತಲ್ಲ. ಮಳವಳ್ಳಿ ತಾಲೂಕಿನ ಭೀಮೇಶ್ವರಿಯಲ್ಲಿ, ಕಾವೇರಿಯ ಮಹಶೀರ್ ಅನ್ನುವ ದೊಡ್ಡ ಮೀನು ಹಿಡಿಯಲು ವಿದೇಶದಿಂದ ವಿಮಾನ ಹತ್ತಿ ಬರುತ್ತಿದ್ದವರು ಗಾಳಕ್ಕೆ ಹಾಕುತ್ತಿದ್ದದ್ದು ಬೇಯಿಸಿದ ರಾಗಿ ಹಿಟ್ಟಿನ ಉಂಡೆಯನ್ನೇ. ವನ್ಯಜೀವಿ ಧಾಮದೊಳಗೆ ಗಾಳ ಹಾಕೋದಕ್ಕೆ ಕಾನೂನಿನ ತಡೆ ಬಿದ್ದ ಮೇಲೆ ಅದು ನಿಂತಿತು. ಹಾಗೆ ನೋಡಿದರೆ ಪರದೇಶದವರು ನಮ್ಮ ಮುದ್ದೆಗೆ ಬಂದರು, ನಮ್ಮವನು ಅವರ ಮೊಟ್ಟೆಗೆ ಹೋದ.

ಆದರೆ ಬೆಂಡು ಮುಳುಗಿತು! ಒಂದು ಜಿಲೇಬಿ, ಅಂಗೈಗಿಂತ ಸ್ವಲ್ಪ ದೊಡ್ಡದು, ಗಂಟನ್ನು ನುಂಗಿಯೇ ಮೇಲೆ ಬಂತು. ಭಾವಮೈದ ಕುಣಿದಾಡಿಬಿಟ್ಟ. ಆಮೇಲೆ ಇನ್ನೆರಡು. "ನೋಡಿದ್ರಾ ಭಾವ, ಸೈನ್ಸು!" ಅಂದ. ನಾನು ಒಪ್ಪಿಕೊಂಡೆ. ಮೀನು ಚೀಲಕ್ಕೆ ಹಾಕುವಾಗ ಹೆಂಡತಿಯ ಫೋನ್ ಬಂತು. "ರೀ, ಸಿಕ್ತಾ? ಒಳ್ಳೇದಾಯ್ತು. ಇವತ್ತು ಶನಿವಾರ, ನೆನಪಿದೆ ತಾನೆ?"

ಕೈಗೆ ಬಂದ ತುತ್ತು ಟೆಂಡರ್‌ನವರ ಬಾಯಿಗೆ ಹೋಯಿತು. ಅವರು ಬೇಡ ಬೇಡ ಅಂತಲೇ ತೆಗೆದುಕೊಂಡರು.

ವಾರ ಕಳೆಯುವಷ್ಟರಲ್ಲಿ ನಮ್ಮ ಅಡುಗೆಮನೆಯಲ್ಲಿ ಇರುವೆ ಕಾಣಿಸಲಿಲ್ಲ. ಸಿಲಿಂಡರಿನ ಹಿಂದೆ ಇಲ್ಲ, ಬೆಲ್ಲದ ಡಬ್ಬಿಯಲ್ಲಿ ಇಲ್ಲ, ದೇವರ ಮುಂದಿಟ್ಟ ಬಾಳೆಹಣ್ಣಿನ ಮೇಲೂ ಇಲ್ಲ. ಸಕ್ಕರೆ, ಬಿಳಿಗಾರ ಕೂಡಿದರೆ ಇರುವೆಗೆ ಅದಕ್ಕಿಂತ ದೊಡ್ಡ ವಿಷ ಬೇಕಿಲ್ಲ. ಸಕ್ಕರೆಯ ಆಸೆಗೆ ಬರುತ್ತವೆ. ತಿಂದ ತಕ್ಷಣ ಸಾಯಲ್ಲ, ಗೂಡಿಗೆ ಒಯ್ದು ಮಿಕ್ಕವರಿಗೂ ಹಂಚುತ್ತವೆ. ವರ್ಷಗಟ್ಟಲೆ ಅರಿಶಿನ, ಲಕ್ಷ್ಮಣರೇಖೆ ಎರಡಕ್ಕೂ ಬಗ್ಗದ ಸಾಲು ಅದು.

ಆಷಾಢ ಮುಗಿಸಿ ಊರಿಗೆ ಹೋದ ಅತ್ತೆ ಮೊನ್ನೆ ಫೋನ್ ಮಾಡಿದ್ದರು. ಭಾವಮೈದ ಸ್ಪೀಕರ್ ಹಾಕಿದ.

"ಲೋ, ಆ ಇರುವೆ ಔಷ್ದಿ ಒಂದಿಷ್ಟು ಮಾಡ್ಕೊಂಡು ಬಾರ್ಲಾ. ಇಲ್ಲಿ ಬೆಲ್ಲದ ಡಬ್ಬಿ ಮುಟ್ಟೋ ಹಂಗಿಲ್ಲ."

"ಫ್ರಿಜ್ಜಲ್ಲಿ ಎರಡು ದಿನ ಜಾಗ ಕೊಡ್ತೀಯಾ ಅವ್ವ?"

"ಮೊಟ್ಟೆ ಬ್ಯಾಡ ಕಣ್ಲಾ, ಬರೀ ಪುಡಿ ತತ್ತಾ. ಮಂಗಳವಾರ ಬಾ, ಮೊಟ್ಟೆ ಇಲ್ಲೇ ಸಿಕ್ತದೆ, ಈರುಳ್ಳಿ ಹಾಕಿ ಹುರ್ಕೊಡ್ತೀನಿ."